ಅಳಿಯನ ಮನೆಯ ಮೂರು ಬೇಸ್ ಗಿಟಾರ್

ಧಾರೇಶ್ವರ, ಕುಮಟಾ ತಾಲೂಕು
14 ಅಕ್ಟೋಬರ್ 2024

ಅಳಿಯಂದಿರಾದ ಪ್ರಮೋದ ಅವರಿಗೆ,

ನಾವು ಕ್ಷೇಮ, ನೀವು ಕ್ಷೇಮವೇ ಎಂದು ಶುರು ಮಾಡುವುದು ರೂಢಿ. ನಾನು ಕ್ಷೇಮವಾಗಿಲ್ಲ. ನಿಮ್ಮ ಮನೆಯಲ್ಲಿ ನವರಾತ್ರಿ ಮುಗಿಸಿ ಬಂದ ಮೇಲೂ ಸಿಟ್ಟು ಇಳಿದಿಲ್ಲ. ಫೋನಿನಲ್ಲಿ ಹೇಳಿದರೆ ನೀವು "ಆತು ಅತ್ತೆ, ಆತು ಅತ್ತೆ" ಎಂದು ನಕ್ಕು ಇಟ್ಟುಬಿಡುತ್ತೀರಿ. ಪಕ್ಕದಲ್ಲೇ ಮಾಲತಿ ಇರುತ್ತಾಳೆ. ಅವಳ ಕಿವಿಗೆ ಬೀಳಬಾರದೆಂದೇ ಮನೆಗೆ ಬರೆಯದೆ ನಿಮ್ಮ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದ ಕೈ ಇದು. ಅಕ್ಷರ ತಿಳಿಯಲಿಲ್ಲ ಎಂಬ ನೆವ ಹೇಳಬೇಡಿ.

ಮುರ್ಡೇಶ್ವರದಲ್ಲಿ ಮದುವೆ ಮುಂಜಿಗೆ ಮೈಕು, ಶಾಮಿಯಾನ ಬಾಡಿಗೆಗೆ ಕೊಡುವವರು ನೀವು. ಒಳ್ಳೆಯ ದಂಧೆ. ಅದನ್ನು ನೋಡಿಯೇ ಮಗಳನ್ನು ಕೊಟ್ಟೆ. ಆದರೆ ಒಳಕೋಣೆಯಲ್ಲಿ ಆ ಮೂರು ಬೇಸ್ ಗಿಟಾರ್ ಎಂತಕ್ಕೆ? ನೀವು ಯಾವ ವೇದಿಕೆ ಹತ್ತಿ ನುಡಿಸಿದ್ದನ್ನೂ ನಾನು ಕಾಣೆ. ಬಾಡಿಗೆಗೂ ಅವು ಹೋಗುವುದಿಲ್ಲವಂತೆ, ನಾನು ಕೇಳಿದೆ. ಆಯುಧಪೂಜೆಯ ದಿನ ನಾನೇ ಎಲ್ಲಕ್ಕೂ ಕುಂಕುಮ ಹಚ್ಚಿದೆ. ಮಾಲತಿಯ ಹೊಲಿಗೆ ಯಂತ್ರ, ಕತ್ತರಿ, ಈಳಿಗೆಮಣೆ ಒಂದು ಕಡೆ. ನಿಮ್ಮ ಮೈಕು, ವಯರು, ಪೆಟ್ಟಿಗೆಗಳು ಇನ್ನೊಂದು ಕಡೆ. ಆ ಮೂರನ್ನೂ ಎತ್ತಿ ತಂದು ನಿಮ್ಮ ಸಾಲಿನಲ್ಲಿ ನಿಲ್ಲಿಸಿ ಗೊಂಡೆ ಹೂ ಏರಿಸಿದೆ. ಮಾಲತಿ ಬಾಗಿಲಲ್ಲಿ ನಿಂತು ನೋಡಿದಳು. ನಾನು "ಒಂದೇ ನಮೂನೆಯ ಮೂರು ಯಾಕೆ?" ಎಂದು ಕೇಳಿದರೆ ನೀವು "ಒಂದೊಂದರ ದನಿ ಒಂದೊಂದು ಥರ, ಅತ್ತೆ" ಎಂದಿರಿ. ನಾಲ್ಕು ನಾಲ್ಕು ತಂತಿ, ಉದ್ದ ಕುತ್ತಿಗೆ, ಮೂರೂ ಒಂದೇ ಎಮ್ಮೆಯ ಕರುಗಳ ಹಾಗಿವೆ. ಎಲ್ಲಿಂದ ಬರುತ್ತದೆ ಬೇರೆ ದನಿ?

ಗಾಳಿ ಬೆಳಕಿರುವ ಕೋಣೆ ಆ ಮೂರಕ್ಕೆ. ನನ್ನ ಮಗಳ ಹೊಲಿಗೆ ಯಂತ್ರ ಹಿಂದಿನ ಕತ್ತಲೆ ಜಗಲಿಯಲ್ಲಿ. ಹೊರಡುವಾಗ ಅವಳ ಕೈ ಹಿಡಿದೆ. ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿ ಕಲ್ಲಾಗಿವೆ. "ಎಂತ ಆತೇ ಇದು?" ಎಂದರೆ "ಏನಿಲ್ಲ ಆಯಿ" ಎಂದು ಕೈ ಎಳೆದುಕೊಂಡಳು. ನಿಮ್ಮ ಆಟಿಕೆಗಳಿಗಾಗಿ ಅವಳು ಬೆರಳು ಕಲ್ಲಾಗುವಷ್ಟು ಹೊಲಿಯಬೇಕೇ?

ಗಂಡ ಹೋದ ಮೇಲೆ ಒಬ್ಬಳೇ ಅಕ್ಕಿ ಗಿರಣಿ ನಡೆಸಿದವಳು ನಾನು. ಒಂದು ಬೆಲ್ಟು ಹರಿಯುವ ತನಕ ಇನ್ನೊಂದನ್ನು ತಂದವಳಲ್ಲ. ದೀಪಾವಳಿಯ ನೀರು ತುಂಬುವ ಸಂಜೆಯೊಳಗೆ ಆ ಮೂರೂ ನಿಮ್ಮ ಮನೆಯಿಂದ ಹೋಗಬೇಕು. ಹೋಗದಿದ್ದರೆ ಈ ವರ್ಷ ಹಬ್ಬಕ್ಕೆ ಬರುವುದು ಬೇಡ. ಹಂಡೆ ತೊಳೆದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ನೀರು ತುಂಬಲು ನನಗೆ ಒಬ್ಬಳಿಗೇ ಬರುತ್ತದೆ.

ಕುಸುಮಾ


ಮುರ್ಡೇಶ್ವರ
16 ಅಕ್ಟೋಬರ್ 2024

ಪೂಜ್ಯ ಅತ್ತೆಯವರಿಗೆ ಪ್ರಮೋದನ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಂಗಡಿಯಲ್ಲೇ ಓದಿದೆ. ಶಾಮಿಯಾನ ಮಡಚುತ್ತಿದ್ದ ವಿನೋದ "ಅಣ್ಣಾ, ನೋಟೀಸಾ?" ಎಂದು ಕೇಳಿದ. ಹೌದು ಎಂದೆ.

ಬೈಗುಳವೆಲ್ಲ ನನಗೇ ಇರಲಿ. ಹೊಲಿಗೆ ಯಂತ್ರ ಜಗಲಿಗೆ ಹೋದದ್ದು ತಪ್ಪು. ಅದನ್ನು ಮುಂದಿನ ಕೋಣೆಗೆ ತಂದಿಡುತ್ತೇನೆ. ಆದರೆ ಗಿಟಾರ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು, ಸಿಟ್ಟಾಗಬೇಡಿ. ನಿಮ್ಮ ಅಟ್ಟದ ಮೇಲೆ ತಾಮ್ರದ ಹಂಡೆ ನಾಲ್ಕಿವೆ. ಬಚ್ಚಲಲ್ಲಿ ಗೀಸರ್ ಹಾಕಿಸಿ ಎಷ್ಟೋ ವರ್ಷವಾಯಿತು. ಹಬ್ಬಕ್ಕೆ ಬಳಸುವುದು ಒಂದೇ ಹಂಡೆ. ಉಳಿದ ಮೂರನ್ನು ನೀವು ಹುಣಿಸೆಹಣ್ಣು ಹಾಕಿ ಉಜ್ಜಿ, ಹೊಳಪು ನೋಡಿ, ಮತ್ತೆ ಅಟ್ಟಕ್ಕೇ ಏರಿಸುತ್ತೀರಿ. ಕಳೆದ ವರ್ಷ ಏಣಿ ಹಿಡಿದು ನಿಂತವನು ನಾನೇ. ಎಂತಕ್ಕೆ ಎಂದು ಒಮ್ಮೆಯಾದರೂ ಕೇಳಿದೆನೇ? ಕೆಳಗೆ ಇಳಿಸಿದಾಗ ನಿಮ್ಮ ಮುಖ ನೋಡಿದ್ದೆ. ಹಾಗಾಗಿ ಕೇಳಬೇಕೆಂದು ಅನಿಸಲಿಲ್ಲ.

ಮನುಷ್ಯರಿಗೆ ಅಗತ್ಯವಿಲ್ಲದ ಒಂದಾದರೂ ವಸ್ತುವಿನ ಮೇಲೆ ಜೀವ ಇರುತ್ತದೆ ಅತ್ತೆ. ಈ ಮನೆಯಲ್ಲಿ ಅದು ಗಿಟಾರ್.

ದಯವಿಟ್ಟು ಮಾಲತಿಯ ಹತ್ತಿರ ಈ ಮಾತು ಎತ್ತಬೇಡಿ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ.

ನಿಮ್ಮ ಅಳಿಯ,
ಪ್ರಮೋದ


ಧಾರೇಶ್ವರ
19 ಅಕ್ಟೋಬರ್ 2024

ಪ್ರಮೋದ ಅವರಿಗೆ,

ನನ್ನ ಹಂಡೆಗಳ ಲೆಕ್ಕ ಹಾಕಲು ನಿಮ್ಮನ್ನು ಏಣಿ ಹಿಡಿಯಲು ಕರೆದದ್ದಲ್ಲ.

ಅವುಗಳಲ್ಲಿ ಒಂದು ನನ್ನ ಅತ್ತೆಯದು, ಒಂದು ತವರಿನದು, ಎರಡು ನಾನು ದುಡಿದು ತಂದದ್ದು. ಮದುವೆ ಮನೆಯವರು ಕೇಳಿಕೊಂಡು ಬಂದರೆ ಕೊಡುತ್ತೇನೆ. ಈಗ ಯಾರೂ ಕೇಳಿಕೊಂಡು ಬರುವುದಿಲ್ಲ, ಅದು ಬೇರೆ ಮಾತು. ತಾಮ್ರ ತಾಮ್ರವೇ. ಅದಕ್ಕೆ ಪಟ್ಟಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು ಯಾರೂ ಕುಣಿಯುವುದಿಲ್ಲ. ಹಂಡೆಗೂ ನಿಮ್ಮ ಆ ಕಟ್ಟಿಗೆಗೂ ಹೋಲಿಕೆ ಮಾಡುವ ಧೈರ್ಯ ನಿಮಗೆ ಎಲ್ಲಿಂದ ಬಂತು?

"ಮಾಲತಿಯ ಹತ್ತಿರ ಎತ್ತಬೇಡಿ." ಯಾಕೆ ಎತ್ತಬಾರದು? ಹೆಂಡತಿಯ ಕಣ್ಣಿಗೆ ಮಣ್ಣೆರಚಿ ನನ್ನ ಬಾಯಿಗೂ ಬೀಗ ಹಾಕುತ್ತೀರಾ? ನಿನ್ನೆ ಸಂಜೆ ನಿಮ್ಮ ಪತ್ರ ಓದಿದ ಕೂಡಲೇ ಅವಳಿಗೆ ಫೋನು ಹಚ್ಚಿದೆ. ನೇರವಾಗಿಯೇ ಹೇಳಿದೆ: "ನೋಡು ಮಗಾ, ನಿನ್ನ ಮನೆಯಲ್ಲಿ ಆ ಗಿಟಾರ್ ಇರುವ ತನಕ ನನ್ನ ಹೊಸ್ತಿಲು ತುಳಿಯಬೇಡ. ಅವು ಬೇಕೋ, ತವರು ಬೇಕೋ, ಇಬ್ಬರೂ ಕೂತು ತೀರ್ಮಾನ ಮಾಡಿ." ಗಂಡನನ್ನು ಬಿಟ್ಟುಕೊಡಬಾರದೆಂದು ಏನಾದರೂ ವಾದ ಮಾಡುತ್ತಾಳೆ ಎಂದುಕೊಂಡಿದ್ದೆ. "ಆತು ಆಯಿ" ಎಂದಳು. ಅಷ್ಟೇ.

ನೋಡಿ, ನಾನು ಸಾಕಿದ ಮಗಳು. ಒಂದು ಮಾತಿನಲ್ಲಿ ಮುಗಿಸಿದಳು. ನೀವು ಎರಡು ಪುಟ ಹಂಡೆಯ ಪುರಾಣ ಬರೆದಿರಿ.

ಕುಸುಮಾ


ಮುರ್ಡೇಶ್ವರ
22 ಅಕ್ಟೋಬರ್ 2024

ಅತ್ತೆಯವರಿಗೆ,

ಮೂರೂ ಹೋದವು. ಭಾನುವಾರ ಮಾಲತಿಯೇ ಟೆಂಪೋದಲ್ಲಿ ಹಾಕಿಕೊಂಡು ಹೊನ್ನಾವರಕ್ಕೆ ಹೋಗಿ ದೇವು ಅವರ ವಾದ್ಯದ ಅಂಗಡಿಯಲ್ಲಿ ಬಿಟ್ಟು ಬಂದಳು. ನಾನು ತಡೆದೆ. ಕೇಳಲಿಲ್ಲ.

ಹಬ್ಬಕ್ಕೆ ಬರುವ ವಿಷಯ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ಹೊಲಿಗೆ ಯಂತ್ರವನ್ನು ಬೆಳಕಿರುವ ಕೋಣೆಗೆ ತಂದಿಟ್ಟಿದ್ದೇನೆ. ಅವಳು ಅದರ ಮುಂದೆ ಕೂರುತ್ತಿಲ್ಲ.

ನಿಮಗೆ ಬೇಕಾದದ್ದು ಆಯಿತು.

ಪ್ರಮೋದ


ಧಾರೇಶ್ವರ
24 ಅಕ್ಟೋಬರ್ 2024

ಪ್ರಮೋದ ಅವರಿಗೆ,

ನನಗೆ ಬೇಕಾದದ್ದಲ್ಲ, ಆಗಬೇಕಾದದ್ದು ಆಯಿತು.

ನಮಸ್ಕಾರವಿಲ್ಲದ ಪತ್ರ ನಿಮ್ಮಿಂದ ಇದೇ ಮೊದಲು. ಇರಲಿ, ಗಂಡಸಿನ ಆಟಿಕೆ ಕಸಿದರೆ ಇಷ್ಟು ಮುನಿಸು ಇದ್ದದ್ದೇ. ಆದರೆ ಮಾಲತಿ ಯಾಕೆ ಹೊಲಿಯುತ್ತಿಲ್ಲ? ಮಳೆ ಮುಗಿದ ಮೇಲೆ ಪಕ್ಕದ ಶಿರಾಲಿಯ ಹೆಂಗಸರೆಲ್ಲ ಹಬ್ಬದ ರವಿಕೆಗೆ ಅವಳ ಬಾಗಿಲಲ್ಲಿ ನಿಲ್ಲುತ್ತಾರೆ. ನೀವು ಮನೆಯಲ್ಲಿ ಮುಖ ಊದಿಸಿ ಕೂತರೆ ಅವಳಿಗೆ ಕೆಲಸ ಹೇಗೆ ಸಾಗಬೇಕು? ಅದಕ್ಕೇ ಅವಳು ಫೋನನ್ನೂ ಎತ್ತುತ್ತಿಲ್ಲ.

ಇನ್ನೊಂದು ಅನುಮಾನವೂ ಇದೆ, ಮುಚ್ಚಿಡುವುದಿಲ್ಲ. ಹಬ್ಬ ಕಳೆದ ಮೇಲೆ ಆ ದೇವುವಿನಿಂದ ಮೂರನ್ನೂ ವಾಪಸು ತರುವ ಯೋಚನೆ ನಿಮ್ಮದಿರಬಹುದು. ಶನಿವಾರ ಗಿರಣಿಯ ಬೇರಿಂಗ್ ತರಲು ಹೊನ್ನಾವರಕ್ಕೆ ಹೋಗುವುದಿದೆ. ಆ ಮನುಷ್ಯನನ್ನು ಕಂಡು, ನನ್ನ ಅಳಿಯನಿಗೆ ಇನ್ನು ಒಂದು ತಂತಿಯನ್ನೂ ಕೊಡಬೇಡ ಎಂದು ಹೇಳಿಯೇ ಬರುತ್ತೇನೆ.

ಕುಸುಮಾ


ಧಾರೇಶ್ವರ
26 ಅಕ್ಟೋಬರ್ 2024

ಪ್ರಮೋದ,

ಇಷ್ಟು ದಿನ ಅಳಿಯನೆಂದು ಮರ್ಯಾದೆ ಕೊಟ್ಟು ಬರೆದೆ. ಇವತ್ತು ಕೈ ಬರುತ್ತಿಲ್ಲ. ಸುಳ್ಳ ನೀನು.

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದೆ ಆ ದೇವುವಿನ ಅಂಗಡಿ. ರಸಮಂಜರಿ ತಂಡ ನಡೆಸುತ್ತಾನಂತೆ, ಹಳೆ ವಾದ್ಯಗಳ ರಿಪೇರಿಯನ್ನೂ ಮಾಡುತ್ತಾನೆ. ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ತಬಲಾ ಒಂದಕ್ಕೆ ಚರ್ಮದ ಪಟ್ಟಿ ಬಿಗಿಯುತ್ತಿದ್ದ. ನಾನು ಮೆಟ್ಟಿಲು ಹತ್ತುವ ಮೊದಲೇ ಶುರು ಮಾಡಿದೆ:

"ನನ್ನ ಅಳಿಯ ಪ್ರಮೋದನ ತಲೆ ಕೆಡಿಸಿದವನು ನೀನೇಯಾ?"

"ಪ್ರಮೋದಣ್ಣಂದಾ? ನಾನು ಎಂತ ಮಾಡಿದ್ನ್ರಾ ಅಮ್ಮಾ?"

"ಗಿಟಾರ್ ಮೇಲೆ ಗಿಟಾರ್ ಅವನ ಕೈಗೆ ಹಿಡಿಸಿದ್ದು ಯಾರು ಹಾಗಾದರೆ?"

ಅವನು ಬಿದ್ದು ಬಿದ್ದು ನಕ್ಕ. "ಪ್ರಮೋದಣ್ಣಂಗೆ ದಪ್ಪ ತಂತಿ ಯಾವ್ದು, ಸಪೂರ ತಂತಿ ಯಾವ್ದು ಅಂತ್ಲೂ ಗೊತ್ತಿಲ್ರಾ! ಅವ್ರು ಟೆಂಪೋ ಹೊಡ್ಕಂಡು ಬಂದು ಹೊರಗೆ ಚಾ ಕುಡೀತ್ರು. ಗಿಟಾರ್ ಮಾಲತಕ್ಕಂದು. ನುಡಿಸೂದು ಮಾಲತಕ್ಕ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ನೀವು ಯಾರಂದ್ರಿ ಅಮ್ಮಾ?"

ಯಾರೆಂದು ಹೇಳಲಿ? ಅವಳ ತಾಯಿ ಎಂದೆ. ಸ್ಟೂಲು ಒರೆಸಿ ಕೂರಿಸಿದ, ಸೋಡಾ ತರಿಸಿದ. ನನಗೆ ತಲೆ ತಿರುಗಿತೆಂದು ಅವನು ತಿಳಿದ. ತಲೆ ತಿರುಗಲಿಲ್ಲ, ಮೈ ಉರಿಯುತ್ತಿತ್ತು. ಎಲ್ಲಿಯದೋ ಒಬ್ಬ ತಬಲಾ ರಿಪೇರಿಯವನಿಗೆ ನನ್ನ ಮಗಳ ಕೈಬೆರಳು ಯಾಕೆ ಜಡ್ಡುಗಟ್ಟಿದೆ ಎಂದು ಗೊತ್ತು, ನನಗೆ ಗೊತ್ತಿಲ್ಲ. "ನಾಕು ವರ್ಷದಿಂದ ಬತ್ರು. ಕಿವಿ ಭಾರಿ ಚುರುಕು. ಸ್ಟೇಜಿಗೆ ಬನ್ನಿ ಅಂತ ನಾನು ಕರೆದು ಕರೆದು ಸಾಕಾಯ್ತು, ಒಲ್ಲೆ ಅಂತ್ರು" ಎಂದ. ನನ್ನ ಮಗಳ ವಿಷಯವನ್ನು ನನಗೇ ಬಿಡಿಸಿ ಬಿಡಿಸಿ ಹೇಳಿದ, ಸೋಡಾ ಕುಡಿಯಿರಿ ಎಂದು ಒತ್ತಾಯ ಬೇರೆ.

ನೀನು ಎಂತ ಗಂಡಸೋ? ನಾನು ಆ ಪರಿ ಬೈದರೂ "ನನ್ನದಲ್ಲ" ಎಂದು ಬರೆಯಲು ಒಂದು ಸಾಲು ಸಾಕಿತ್ತು. ಬರೆಯಲಿಲ್ಲ. ಹಂಡೆಯ ಪುರಾಣ ಬರೆದೆ. ನಿನ್ನ ಸುಳ್ಳನ್ನು ನಂಬಿ ನಾನು ಅವಳಿಗೇ ಫೋನು ಹಚ್ಚಿ ಆ ಮಾತು ಹೇಳಿದೆ. ನೀನು ಅವಳನ್ನು ಕಾಯುತ್ತೇನೆ ಎಂದುಕೊಂಡೆ. ಯಾರಿಂದ? ನನ್ನಿಂದಲೇ? ಹೆತ್ತವಳಿಂದ ಮಗಳನ್ನು ಕಾಯಲು ನಿನ್ನನ್ನು ಯಾರು ನೇಮಿಸಿದರು?

ಮೂರೂ ಅಲ್ಲೇ ಗೋಡೆಗೆ ಒರಗಿ ನಿಂತಿದ್ದವು. "ಯಾರಿಗಾದ್ರೂ ಕೊಟ್ಬಿಡಿ ಅಂದ್ರು ಮಾಲತಕ್ಕ, ತಿರುಗೂ ನೋಡದೆ ಹೋದ್ರು" ಎಂದ ದೇವು. "ಹಾಗಾದರೆ ನನಗೆ ಕೊಡು" ಎಂದೆ. ಅವನು ಬೇಡ ಎನ್ನಲಿಲ್ಲ. ಕುಮಟಾ ಬಸ್ಸಿಗೆ ಅವನೇ ಹತ್ತಿಸಿದ. ನಾನು ಎರಡು ಸೀಟು ಹಿಡಿದು ಮೂರರ ಕುತ್ತಿಗೆಯನ್ನೂ ತಬ್ಬಿ ಕೂತೆ. ಕಂಡಕ್ಟರ್ "ಅಜ್ಜೀ, ಬ್ಯಾಂಡ್ ಸೆಟ್ಟು ಯಾವ ಮದಿಗೆ ಹೊರಟದೆ?" ಎಂದ. "ನಿನ್ನ ಎರಡನೇ ಮದುವೆಗೆ, ಟಿಕೇಟು ಹರಿ" ಎಂದೆ. ಬಸ್ಸೆಲ್ಲ ನಕ್ಕಿತು. ಶರಾವತಿ ಸೇತುವೆಯಷ್ಟು ಉದ್ದದ ಬಾಯಿ ಅವನಿಗೆ, ಧಾರೇಶ್ವರದ ತನಕ ಮುಚ್ಚಿಕೊಂಡಿತ್ತು.

ಮೂರೂ ಈಗ ನನ್ನ ನಡುಮನೆಯಲ್ಲಿವೆ. ಈ ಪತ್ರವನ್ನು ಮಾಲತಿಗೆ ತೋರಿಸು. ಇನ್ನು ಮುಚ್ಚಿಡುವುದು ನಡೆಯುವುದಿಲ್ಲ.

ಕುಸುಮಾ


ಮುರ್ಡೇಶ್ವರ
28 ಅಕ್ಟೋಬರ್ 2024

ಆಯಿ,

ಇವರು ನಿನ್ನ ಪತ್ರಗಳನ್ನೆಲ್ಲ ನನ್ನ ಮುಂದೆ ಇಟ್ಟರು. ಓದಿ ಮುಗಿಸಿದೆ. ಕುಮಟಾ ಬಸ್ಸಿನ ಡ್ರೈವರ್ ಪರಿಚಯದವರು. ಅವರ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ಇವರನ್ನು ಬೈಯಬೇಡ. ಆಯಿಗೆ ಹೇಳಬೇಡಿ ಎಂದು ಆಣೆ ಹಾಕಿಸಿದ್ದು ನಾನು. ಸುಳ್ಳು ನನ್ನದು. ಹೊಲಿಗೆ ಯಂತ್ರವನ್ನು ಜಗಲಿಗೆ ನೂಕಿದ್ದೂ ನಾನೇ. ಮೊದಲನೇ ಗಿಟಾರನ್ನು ಯಾವುದೋ ತಂಡದವರು ನಮ್ಮ ಅಂಗಡಿಯಲ್ಲಿ ಬಿಟ್ಟು ಹೋಗಿದ್ದರು. ಒಂದು ಮಧ್ಯಾಹ್ನ ಧೂಳು ಒರೆಸುವಾಗ ದಪ್ಪ ತಂತಿಗೆ ಬಟ್ಟೆ ತಾಗಿತು. ಸ್ಪೀಕರಿಗೆ ಜೋಡಿಸಿದ್ದು ನನಗೆ ಗೊತ್ತಿರಲಿಲ್ಲ. ಆ ದನಿ ಕಿವಿಗೆ ಬರುವ ಮೊದಲು ಬೆನ್ನಿಗೆ ಬಂತು.

ನಮ್ಮ ಗಿರಣಿಗೆ ಮೊದಲು ಆಯಿಲ್ ಇಂಜಿನ್ ಇತ್ತಲ್ಲ. ನಾನು ಮಲಗುತ್ತಿದ್ದದ್ದು ಆ ಗೋಡೆಗೆ ಬೆನ್ನು ಕೊಟ್ಟು. ನೀನು ಆಚೆ ಬದಿ ಅಕ್ಕಿ ಮಾಡುತ್ತಿದ್ದೆ. ದುಡುಂ ದುಡುಂ ಎಂದು ಗೋಡೆ ನಡುಗುತ್ತಿದ್ದರೆ ಆಯಿ ಇದ್ದಾಳೆ ಎಂದು ನಿದ್ದೆ ಬರುತ್ತಿತ್ತು. ಆಮೇಲೆ ಕರೆಂಟಿನ ಮೋಟರ್ ಬಂತು. ಒಳ್ಳೆಯದೇ ಆಯಿತು, ನಿನಗೆ ಹ್ಯಾಂಡಲು ತಿರುಗಿಸುವ ಕಷ್ಟ ತಪ್ಪಿತು. ಗೋಡೆ ಮಾತ್ರ ಸುಮ್ಮನಾಯಿತು. ಅಂಗಡಿಯಲ್ಲಿ ಆ ತಂತಿ ತಾಗಿದಾಗ ನನಗೆ ಮೊದಲು ನೆನಪಾದದ್ದು ನೀನು. ಆದರೆ ನಿನಗೆ ಹೇಳಲಾಗಲಿಲ್ಲ. ಅದೇ ತಿಂಗಳು ಕುಮಟಾದ ಮದುವೆಯಲ್ಲಿ ಒಬ್ಬಳು ಹುಡುಗಿ ಗಿಟಾರ್ ನುಡಿಸಿದ್ದನ್ನು ನೋಡಿ ನೀನು "ಇವಳಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವಾ?" ಎಂದೆ. ನಾಲ್ಕು ಜನರ ಮುಂದೆ ಎಂದೆ. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ.

ಒಂದೇ ಸಾಲದೇ ಎಂದು ಕೇಳುತ್ತೀ. ಸಾಕು. ನುಡಿಸಲು ಒಂದೇ ಸಾಕು. ಎರಡನೆಯದರ ಮರ ಬೇರೆ, ದನಿ ಇನ್ನೂ ಕೆಳಗಿನಿಂದ ಬರುತ್ತದೆ ಎಂದು ತಂದೆ. ಮೂರನೆಯದಕ್ಕೆ ಆ ಕಾರಣವೂ ಇಲ್ಲ. ಬೇರೆ ಯಾರೋ ಒಯ್ಯುತ್ತಾರೆ ಎನ್ನುವ ಸಂಕಟಕ್ಕೆ ತಂದೆ. ಈಗ ದೇವಣ್ಣನ ಅಂಗಡಿಯ ಮೇಲಿನ ಮೊಳೆಗೆ ಇನ್ನೊಂದು ತೂಗುತ್ತಿದೆ. ರವಿಕೆಗೆ ಕಾಜಾ ಹೊಲಿಯುವಾಗಲೂ ಅದೇ ಕಣ್ಣ ಮುಂದೆ ಬರುತ್ತದೆ. ಅಗತ್ಯವಿಲ್ಲ ಎಂದು ನೀನು ಹೇಳಿಯೇ ನನಗೆ ತಿಳಿಯಬೇಕಾಗಿಲ್ಲ. ನನ್ನ ಆಸೆಗೆ ನನಗೇ ನಾಚಿಕೆಯಾಗುತ್ತದೆ. ಆದರೂ ಅದು ನನ್ನದು.

ಅವುಗಳನ್ನು ನೀನು ಯಾಕೆ ಎತ್ತಿ ತಂದೆ? ಕೊಟ್ಟುಬಿಡು ಎಂದದ್ದು ನೀನು. ಕೊಟ್ಟೆ. ನಾಲ್ಕು ವರ್ಷ ಜೋಪಾನ ಮಾಡಿದ್ದನ್ನು ಒಂದು "ಆತು ಆಯಿ" ಹೇಳಿ ಕೊಟ್ಟೆ. ಈಗ ನಿನ್ನ ನಡುಮನೆಯಲ್ಲಿ ಇಟ್ಟುಕೊಂಡು, ಬಾ ತೆಗೆದುಕೊಂಡು ಹೋಗು ಎಂದರೆ ನಾನು ಕುಣಿದುಕೊಂಡು ಬರಬೇಕೇ? ಕಸಿಯುವುದೂ ನೀನೇ, ಕೊಡುವುದೂ ನೀನೇ. ನನಗೆ ಬೇಡ.

ಹಬ್ಬಕ್ಕೆ ಬರುವುದಿಲ್ಲ.

ಮಾಲತಿ


ಧಾರೇಶ್ವರ
29 ಅಕ್ಟೋಬರ್ 2024

ಮಾಲತಿ,

ನಿನ್ನ ಪತ್ರ ತಂದ ಡ್ರೈವರ್ ಮರಳಿ ಹೋಗುವಾಗ ಇದನ್ನು ತೆಗೆದುಕೊಂಡು ಹೋಗುತ್ತಾನೆ. ಗೇಟಿನಲ್ಲಿ ಹಾರ್ನ್ ಹೊಡೆಯುತ್ತೇನೆ ಎಂದಿದ್ದಾನೆ. ಹಾಗಾಗಿ ಚೆಂದ ಮಾಡಿ ಬರೆಯಲು ಹೊತ್ತಿಲ್ಲ.

ನಾನು ಸಿಟ್ಟಿನಲ್ಲೇ ಇದ್ದೇನೆ. ನಿನ್ನ ಪತ್ರ ಓದಿ ಕರಗಿ ನೀರಾದೆ ಎಂದು ತಿಳಿಯಬೇಡ. ನಾಲ್ಕು ವರ್ಷ. ನಿನಗೆ ಜ್ವರ ಬಂದರೆ ಮುರ್ಡೇಶ್ವರದಿಂದ ಯಾರೂ ಹೇಳದೆಯೂ ನನಗೆ ಗೊತ್ತಾಗುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆ ಅಹಂಕಾರವನ್ನು ಒಂದು ಸೋಡಾದಲ್ಲಿ ಇಳಿಸಿದೆಯಲ್ಲ, ಅದಕ್ಕೆ ಸಿಟ್ಟು. ಮದುವೆ ಮನೆಯಲ್ಲಿ ಆ ಮಾತು ಎಂದೆನೋ ಇಲ್ಲವೋ ನನಗೆ ನೆನಪಿಲ್ಲ. ಎಂದಿರುತ್ತೇನೆ. ನನ್ನ ಬಾಯಿ ನಿನಗೆ ಹೊಸತೇ? ಅಡುಗೆಗೆ ಉಪ್ಪು ಜಾಸ್ತಿ ಆಯಿತೆಂದು ನನ್ನ ಜೊತೆ ಮೂರು ದಿನ ಜಗಳವಾಡುತ್ತಿದ್ದವಳು, ಈ ಒಂದು ವಿಷಯಕ್ಕೆ ಜಗಳವಾಡದೆ ಸುಮ್ಮನಾದೆ. ಜಗಳವಾಡಬೇಕಿತ್ತು ಮಗಾ.

ಬೇಡ ಎಂದಿದ್ದೀ. ಆತು, ಬೇಡ. ಕೊಡುತ್ತೇನೆ ಎಂದು ನಾನೂ ಹೇಳಿಲ್ಲ. ಅವು ಇಲ್ಲೇ ಇರುತ್ತವೆ. ನೀನು ಬಂದಾಗ ನುಡಿಸು, ಬಿಟ್ಟು ಹೋಗುವುದಿದ್ದರೆ ಬಿಟ್ಟು ಹೋಗು. ಪಕ್ಕದ ಮನೆಯ ಕಲ್ಪನಾ ಇಣುಕಿ "ಇದೆಂತ ಕುಸುಮಕ್ಕ, ಗಿರಣಿ ಬಿಟ್ಟು ಆರ್ಕೆಸ್ಟ್ರಾ ಶುರು ಮಾಡಿದ್ಯಾ?" ಎಂದಳು. "ಮಗಳದು" ಎಂದೆ. "ಮಾಲತಿ ನುಡಿಸ್ತಾಳಾ? ಯಾವಾಗಿಂದ?" ಎಂದು ಕೇಳಿದಳು. "ನಿನಗೆ ಇಷ್ಟು ದಿನ ಗೊತ್ತೇ ಇಲ್ಲವಾ?" ಎಂದು ನಾನೇ ತಿರುಗಿ ಕೇಳಿದೆ.

ಮೊನ್ನೆ ಯಾರೂ ಇಲ್ಲದಾಗ ದೊಡ್ಡದನ್ನು ಮಡಿಲಲ್ಲಿ ಇಟ್ಟುಕೊಂಡು ದಪ್ಪ ತಂತಿ ಎಳೆದೆ. ಸೊಳ್ಳೆಯಷ್ಟೂ ಸದ್ದಿಲ್ಲ. ಇಷ್ಟಕ್ಕೇ ಇಷ್ಟೆಲ್ಲ ರಾದ್ಧಾಂತವೇ ಎಂದು ಮತ್ತೆ ರೇಗಿತು. ಆಮೇಲೆ ನೀನು ಬರೆದದ್ದು ಓದಿದೆ, ಸ್ಪೀಕರಿಗೆ ಜೋಡಿಸಬೇಕು ಎಂದು. ನಾಳೆ ಸಂಜೆ ಹಂಡೆ ತೊಳೆಯುತ್ತೇನೆ. ಗಂಡನಿಗೆ ಹೇಳಿ ಸ್ಪೀಕರ್ ಹಾಕಿಕೊಂಡು ಬಾ. ಮದುವೆಗೆ ಕೊಡುವಂಥದ್ದು, ದೊಡ್ಡದು. ನನಗೆ ಕಿವಿಯಲ್ಲಿ ಕೇಳಿದರೆ ಸಾಲದು. ನೀನು ಹೇಳಿದ ಹಾಗೆ ಬೆನ್ನಿಗೆ ಬರುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು. ಬರದಿದ್ದರೆ ನೀನು ಹೇಳಿದ್ದೆಲ್ಲ ಸುಳ್ಳು. ಮತ್ತೆ ಜಗಳವಾಡೋಣ. ನಿನ್ನ ಗಂಡನಿಗೆ ನಾನು ಬರೆದದ್ದರಲ್ಲಿ ಒಂದು ಅಕ್ಷರವನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಅವನಿಗೆ ಇಷ್ಟದ ಸುಳಿರೊಟ್ಟಿ ಮಾಡಿರುತ್ತೇನೆ.

ನೀವು ಬಾರದಿದ್ದರೆ ನಾಡಿದ್ದು ಬೆಳಿಗ್ಗೆ ಎಣ್ಣೆಸ್ನಾನ ಮಾಡಿದವಳೇ ಮೂರನ್ನೂ ಹೊತ್ತು ನಾನೇ ಅಲ್ಲಿಗೆ ಬರುತ್ತೇನೆ. ನಿನಗೆ ಗೊತ್ತು, ಬರುವವಳು ನಾನು.

ದೇವುವಿನ ಅಂಗಡಿಯಲ್ಲಿ ಮೇಲಿನ ಮೊಳೆಗೆ ತೂಗುವುದನ್ನು ನಾನೂ ಆ ದಿನವೇ ನೋಡಿದ್ದೆ. ಅಳಿಯನಿಗೆ ಬರೆಯುವಾಗ ಆ ಸುದ್ದಿ ಬಿಟ್ಟೆ. ಜೋನಿಬೆಲ್ಲದ ಬಣ್ಣ. ಕಿಟಕಿಯ ಬಿಸಿಲು ಬಿದ್ದಾಗ ಒಳಗಿಂದ ದೀಪ ಹಚ್ಚಿದ ಹಾಗೆ ಕಾಣುತ್ತಿತ್ತು. ಸೋಡಾ ಮುಗಿದ ಮೇಲೂ ಸ್ವಲ್ಪ ಹೊತ್ತು ಅದರ ಕೆಳಗೇ ನಿಂತೆ. ಅದು ನಮಗೆ ಯಾರಿಗೂ ಬೇಕಾಗಿಲ್ಲ. ಮನೆಯಲ್ಲಿ ಮೂರು ಇರುವಾಗ ನಾಲ್ಕನೆಯದು ಶುದ್ಧ ದಂಡ. ಇದರಲ್ಲಿ ನನ್ನ ಮಾತು ಇವತ್ತಿಗೂ ಅದೇ.

ಆದರೂ ಹೊರಡುವಾಗ, ಅದನ್ನು ಸದ್ಯ ಯಾರಿಗೂ ಕೊಡಬೇಡ ಎಂದು ಅವನಿಗೆ ಹೇಳಿ ಬಂದಿದ್ದೇನೆ. ಯಾಕೆ ಹೇಳಿದೆ ಎಂದು ನನ್ನನ್ನು ಕೇಳಬೇಡ.

ಹಾರ್ನ್ ಆಯಿತು.

ನಿನ್ನ ಆಯಿ